ಮಡಿಕೇರಿ ಮಳೇಲಿ ಹೆಲ್ಮೆಟ್ ಗ್ಲಾಸ್ ಮಬ್ಬು: ಶಾಂಪೂ, ಶೇವಿಂಗ್ ಫೋಮ್, ಸ್ಪ್ರೇ, ಪಿನ್‌ಲಾಕ್ ಎಲ್ಲಾ ಹಾಕಿ ನೋಡಿದ್ದು

ನಂದು ತೋಟದಲ್ಲಿ ರೈಟರ್ ಕೆಲಸ, ಅಂದ್ರೆ ಆಳುಗಳ ಹಾಜರಿ, ಲೆಕ್ಕ ಬರೆಯೋದು, ಮನೆ ಮಡಿಕೇರಿ, ತೋಟ ಚೇರಂಬಾಣೆ ಹತ್ರ, ಬೆಳಿಗ್ಗೆ ಆರೂವರೆಗೆ ಬೈಕ್ ತೆಗೀಲೇಬೇಕು ಯಾಕಂದ್ರೆ ಏಳೂವರೆಗೆ ಲೈನ್ ಮನೇಲಿರೋ ತೋಟದ ಆಳುಗಳೆಲ್ಲ ಹಾಜರಿಗೆ ಬಂದು ನಿಂತಿರ್ತಾರೆ, ಮಳೆ ಜಾಸ್ತಿ ಇತ್ತು ಅಂತ ಹೇಳೋ ಹಾಗಿಲ್ಲ, ಮಳೆ ಅವ್ರಿಗೂ ಅಷ್ಟೇ ತಾನೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಭಾಗಮಂಡಲ ರಸ್ತೆ ಹೇಗಿರುತ್ತೆ ಅಂತ ಈ ಕಡೆ ಓಡಾಡಿದವ್ರಿಗೆ ಗೊತ್ತು. ಮೇಲಿಂದ ಮಳೆ, ಎದುರಿಂದ ಮಂಜು, ರಸ್ತೆ ತುಂಬ ತಿರುವು, ಅದ್ರ ಮೇಲೆ ಹೆಲ್ಮೆಟ್ ಗ್ಲಾಸ್ ಒಳಗಿಂದ ಮಬ್ಬಾಗಿಬಿಟ್ರೆ ಮುಗೀತು.

ಎರಡು ವರ್ಷದ ಹಿಂದೆ ಜುಲೈನಲ್ಲಿ ಬೆಟ್ಟಗೇರಿ ದಾಟಿದ ಮೇಲೆ ಒಂದು ಎಡ ತಿರುವಲ್ಲಿ ಎದುರಿಂದ ಜೀಪ್ ಬಂತು, ಗ್ಲಾಸ್ ಪೂರ್ತಿ ಮಬ್ಬಾಗಿದ್ದಕ್ಕೆ ಅದರ ಲೈಟು ನನಗೆ ಒಂದು ದೊಡ್ಡ ಬಿಳಿ ಮುದ್ದೆ ಥರ ಕಂಡಿತು ಅಷ್ಟೇ, ಜೀಪ್ ಎಲ್ಲಿದೆ ರಸ್ತೆ ಅಂಚು ಎಲ್ಲಿದೆ ಒಂದೂ ಗೊತ್ತಾಗ್ಲಿಲ್ಲ, ಎಡಕ್ಕೆ ಎಳೆದೆ, ಮುಂದಿನ ಚಕ್ರ ಚರಂಡಿಗೆ ಇಳೀತು. ಮೊಣಕಾಲು ತರಚಿತು, ಬ್ರೇಕ್ ಪೆಡಲ್ ಬಗ್ಗಿತು, ಅಷ್ಟಕ್ಕೆ ಬಚಾವ್. ಆ ಮಳೆಗಾಲದಿಂದ ಈ ವಿಷಯದ ಹಿಂದೆ ಬಿದ್ದಿದೀನಿ. ಯಾರ್ಯಾರು ಏನೇನು ಹೇಳಿದ್ರೋ ಎಲ್ಲಾ ಮಾಡಿ ನೋಡಿದೆ, ಒಂದೊಂದನ್ನೂ ಕಮ್ಮಿ ಅಂದ್ರೆ ನಾಲ್ಕು ಬೆಳಿಗ್ಗೆ ಅದೇ ರಸ್ತೇಲಿ, ಮಬ್ಬು ಶುರುವಾಗಿದ್ದು ಎಲ್ಲಿ ಅಂತ ಹಾಜರಿ ಪುಸ್ತಕದ ಕೊನೇ ಹಾಳೇಲಿ ಬರ್ಕೊಂಡೆ. ನಮ್ಮಕ್ಕನೂ ಜೊತೆಗಿದ್ಲು, ಅವ್ಳು ಮೂರ್ನಾಡು ಕಡೆ ಟೀಚರ್, ಸ್ಕೂಟರ್‌ನಲ್ಲಿ ಹೋಗೋದು, ಕನ್ನಡಕ ಬೇರೆ ಹಾಕ್ತಾಳೆ, ಹಾಗಾಗಿ ಅವ್ಳ ಕಷ್ಟ ನನ್ನದಕ್ಕಿಂತ ಒಂದು ಪದರ ಜಾಸ್ತಿ.

ಮೊದ್ಲು ಒಂದು ಮಾತು, ಮಬ್ಬು ಯಾವ ಕಡೆ ಅಂತ ನೋಡ್ಕೊಳ್ಳಿ. ನಮ್ಮಲ್ಲಿ ಮಂಜು ಹೊರಗಡೆಯಿಂದಲೂ ಗ್ಲಾಸ್ ಮೇಲೆ ಸಣ್ಣ ಹನಿಯಾಗಿ ಕೂರುತ್ತೆ. ಗ್ಲೌಸ್ ಬೆರಳಲ್ಲಿ ಹೊರಗೆ ಒಮ್ಮೆ ಒರೆಸಿ, ತಿಳಿಯಾದ್ರೆ ಅದು ಹೊರಗಿನ ಮಂಜು, ಅದಕ್ಕೆ ಕೆಳಗೆ ಹೇಳೋ ಯಾವ್ದೂ ಬೇಡ. ತಿಳಿಯಾಗ್ಲಿಲ್ಲ ಅಂದ್ರೆ ಒಳಗಿನದು, ಅಂದ್ರೆ ನಿಮ್ಮ ಉಸಿರು. ಉಸಿರು ಹೊರಗೆ ಬರುವಾಗ 34 ಡಿಗ್ರಿ ಆಸುಪಾಸು ಬೆಚ್ಚಗಿರುತ್ತೆ, ತೇವ ತುಂಬ್ಕೊಂಡಿರುತ್ತೆ, ಜುಲೈ ಬೆಳಿಗ್ಗೆ ಮಡಿಕೇರೀಲಿ ಹೊರಗಡೆ 17-18 ಡಿಗ್ರಿ, ಗ್ಲಾಸೂ ಅಷ್ಟೇ ತಣ್ಣಗೆ, ಉಸಿರು ಹೋಗಿ ಅದಕ್ಕೆ ತಾಗಿದ ತಕ್ಷಣ ಆವಿ ಹನಿ ಕಟ್ಟುತ್ತೆ. ಆ ಸಾವಿರಾರು ಸಣ್ಣ ಹನಿ ಬೆಳಕನ್ನ ಚೆದುರಿಸೋದೇ ಮಬ್ಬು. ಹಾಗಾಗಿ ದಾರಿ ಇರೋದು ಮೂರೇ, ಉಸಿರು ಗ್ಲಾಸ್‌ಗೆ ಹೋಗದ ಹಾಗೆ ಮಾಡೋದು, ಗ್ಲಾಸ್ ತಣ್ಣಗಾಗದ ಹಾಗೆ ನೋಡ್ಕೊಳ್ಳೋದು, ಇಲ್ಲಾಂದ್ರೆ ಕೂತ ನೀರು ಹನಿಯಾಗದೆ ಹರಡೋ ಹಾಗೆ ಮಾಡೋದು.

ಗ್ಲಾಸನ್ನ ಒಂದು ಕ್ಲಿಕ್ ಎತ್ತಿ ಓಡ್ಸೋದು ಎಲ್ರೂ ಮಾಡೋದೇ, ಖರ್ಚಿಲ್ಲ. ತುಂತುರು ಮಳೇಲಿ, ಇಲ್ಲ ಡಿಸೆಂಬರ್ ಜನವರಿ ಮಂಜಲ್ಲಿ ಇದು ಸಾಕು, ಗಂಟೆಗೆ 40ರ ಮೇಲೆ ಹೋಗ್ತಿದ್ರೆ ಗಾಳಿ ಒಳಗೆ ಬಂದು ಎಲ್ಲಾ ಒಣಗಿಸುತ್ತೆ. ಆದ್ರೆ ಕಕ್ಕಡ, ಅಂದ್ರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ ಬರೋ ಕೊಡವ ತಿಂಗಳು, ಆ ಮಳೆಗೆ ಇದು ನಡೆಯಲ್ಲ, ನೀರು ಆ ಸಂದೀಲಿ ನುಗ್ಗಿ ಗ್ಲಾಸ್ ಒಳಗಡೆ ಹನಿ ಆಗಿ ನಿಲ್ಲುತ್ತೆ, ಆಮೇಲೆ ಮುಚ್ಚಿದ್ರೆ ಮೊದಲಿಗಿಂತ ಕೆಟ್ಟ ಮಬ್ಬು.

ಆಲೂಗಡ್ಡೆ ಹೋಳು ಉಜ್ಜೋದು, ಟೂತ್‌ಪೇಸ್ಟ್ ಹಚ್ಚೋದು, ಈ ಎರಡನ್ನೂ ಬೇಗ ಮುಗಿಸ್ತೀನಿ. ಆಲೂಗಡ್ಡೆ ಹಚ್ಚಿ ಅಡುಗೆ ಮನೇಲಿ ಕುದಿಯೋ ನೀರಿನ ಪಾತ್ರೆ ಮೇಲೆ ಹಿಡಿದ್ರೆ ಪರವಾಗಿಲ್ಲ ಅನ್ಸುತ್ತೆ, ರಸ್ತೇಲಿ ಹತ್ತು ನಿಮಿಷ ನಿಲ್ಲಲಿಲ್ಲ, ಒಣಗಿದ ಪಿಷ್ಟ ಬಿಳಿ ಗೆರೆ ಗೆರೆಯಾಗಿ ಉಳೀತು. ಟೂತ್‌ಪೇಸ್ಟ್ ಅಂತೂ ದಯವಿಟ್ಟು ಬೇಡ, ಅದರಲ್ಲಿ ಹಲ್ಲು ಉಜ್ಜೋಕೆ ಅಂತ ಸಣ್ಣ ಪುಡಿ ಇರುತ್ತೆ, ಪಾಲಿಕಾರ್ಬೊನೇಟ್ ಗ್ಲಾಸ್‌ನ ಅದು ಗೀಚುತ್ತೆ, ನನ್ನ ಹಳೇ ಗ್ಲಾಸ್ ಒಂದು ಹಾಗೇ ಹಾಳಾಯ್ತು, ರಾತ್ರಿ ಎದುರಿನ ಲೈಟ್ ಬಿದ್ರೆ ಜೇಡರ ಬಲೆ ಥರ ಕಾಣುತ್ತೆ.

ಈಗ ನಿಜವಾದ ಪೈಪೋಟಿ, ಬೇಬಿ ಶಾಂಪೂ ಮತ್ತೆ ಶೇವಿಂಗ್ ಫೋಮ್. ಎರಡೂ ಕೆಲಸ ಮಾಡೋದು ಒಂದೇ ಥರ, ಸೋಪಿನ ಅಂಶದಿಂದ ನೀರು ಹನಿ ಕಟ್ಟದೆ ತೆಳ್ಳಗೆ ಹರಡಿಬಿಡುತ್ತೆ, ಹನಿ ಇಲ್ಲ ಅಂದ್ರೆ ಆಚೆ ಕಡೆ ಕಾಣುತ್ತೆ. ಬೇರೆ ಬೇರೆ ದಿನ ನೋಡಿದ್ರೆ ಮಳೆ ಹೆಚ್ಚು ಕಮ್ಮಿ ಆಗಿ ಹೋಲಿಕೆ ಸರಿ ಬರಲ್ಲ ಅಂತ ಒಂದೇ ಗ್ಲಾಸಿನ ಎಡ ಅರ್ಧಕ್ಕೆ ಶಾಂಪೂ, ಬಲ ಅರ್ಧಕ್ಕೆ ಫೋಮ್ ಹಚ್ಚಿದೆ, ಮಾರನೇ ದಿನ ಅದಲು ಬದಲು ಮಾಡಿದೆ. ಮೊದಲ ಇಪ್ಪತ್ತು ನಿಮಿಷ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಬೆಟ್ಟಗೇರಿ ಬರೋ ಹೊತ್ತಿಗೆ ಫೋಮ್ ಕಡೆ ಅಲ್ಲಲ್ಲಿ ತೇಪೆ ಥರ ಮಬ್ಬು ಶುರು, ಶಾಂಪೂ ಕಡೆ ಹನಿ ಇಲ್ಲ ಆದ್ರೆ ತೆಳು ನೀರಿನ ಪದರ, ಒದ್ದೆ ಕಿಟಕೀಲಿ ನೋಡಿದ ಹಾಗೆ ರಸ್ತೆ ಸ್ವಲ್ಪ ಅಲುಗಾಡುತ್ತೆ, ಅದನ್ನ ಕಣ್ಣು ಸಹಿಸುತ್ತೆ. ತೋಟ ಮುಟ್ಟೋ ತನಕ ಶಾಂಪೂ ನಿಂತಿತು, ನಾಲ್ಕಕ್ಕೆ ನಾಲ್ಕು ದಿನವೂ. ಸಂಜೆ ವಾಪಸ್ ಬರುವಾಗ ಅರ್ಧ ದಾರೀಗೆ ಎರಡೂ ಹೋದ್ವು.

ಹಚ್ಚೋ ರೀತಿ ಬಹಳ ಮುಖ್ಯ, ಇಲ್ಲೇ ಜನ ತಪ್ಪಿ ಆಮೇಲೆ ಶಾಂಪೂ ಕೆಲಸ ಮಾಡಲ್ಲ ಅಂತಾರೆ. ಗ್ಲಾಸ್ ತೊಳ್ದು ಪೂರ್ತಿ ಒಣಗಿಸ್ಬೇಕು, ಒಂದು ಕಡ್ಲೆಕಾಳಿನಷ್ಟು ಶಾಂಪೂ ಸಾಕು, ನೀರು ಬೆರೆಸ್ಬಾರ್ದು, ಬೆರಳಲ್ಲಿ ತೆಳ್ಳಗೆ ಸವರಿ ಐದು ನಿಮಿಷ ಬಿಟ್ಟು ಹಳೇ ಬನಿಯನ್ ಬಟ್ಟೇಲಿ ಗ್ಲಾಸ್ ತಿಳಿಯಾಗೋ ತನಕ ಮೆತ್ತಗೆ ಉಜ್ಬೇಕು, ನೀರಲ್ಲಿ ತೊಳೀಬಾರ್ದು. ಪಾತ್ರೆ ತೊಳೆಯೋ ಲಿಕ್ವಿಡ್ ಹಚ್ಚಿದ್ರೂ ಇದೇ ಫಲ ಸಿಗುತ್ತೆ, ಆದ್ರೆ ಆ ನೀರು ಒಂದು ಹನಿ ಕಣ್ಣಿಗೆ ಇಳಿದ್ರೆ ಉರಿ ತಡೆಯೋಕಾಗಲ್ಲ, ತಿರುವಲ್ಲಿ ಕಣ್ಣು ಮುಚ್ಚೋ ಹಾಗಾದ್ರೆ ಮಬ್ಬಿದ್ದಿದ್ದೇ ವಾಸಿ, ಅದಕ್ಕೇ ಬೇಬಿ ಶಾಂಪೂ ಅಂದಿದ್ದು. ನೂರು ರೂಪಾಯಿ ಬಾಟ್ಲಿ ನನಗೂ ಅಕ್ಕನಿಗೂ ಸೇರಿ ಇಡೀ ಮಳೆಗಾಲ ಬಂತು.

ಅಂಗಡೀಲಿ ಸಿಗೋ ಆ್ಯಂಟಿ ಫಾಗ್ ಸ್ಪ್ರೇ ಒಂದು 350 ಕೊಟ್ಟು ತಂದೆ. ಮೊದಲ ಎರಡು ದಿನ ಚೆನ್ನಾಗಿತ್ತು, ಶಾಂಪೂ ಥರ ನೀರಿನ ಪದರ ಅಲುಗಾಡ್ತಿರ್ಲಿಲ್ಲ, ನೋಟ ಸ್ವಚ್ಛ. ಮೂರನೇ ದಿನ ಒಳಗಡೆ ಒದ್ದೆ ಬಟ್ಟೇಲಿ ಒಮ್ಮೆ ಒರೆಸಿದೆ, ಅಲ್ಲಿಗೆ ಹೋಯ್ತು. ಪೂರ್ತಿ ಒಣಗಿದ ಗ್ಲಾಸ್‌ಗೆ ಹೊಡೆದು ಒಣಗೋಕೆ ಬಿಡಿ ಅಂತ ಬಾಟ್ಲಿ ಮೇಲೆ ಬರ್ದಿರುತ್ತೆ, ಜುಲೈ ತಿಂಗಳಲ್ಲಿ ಕೊಡಗಿನ ಯಾವ ಮನೇಲಿ ಪೂರ್ತಿ ಒಣಗಿದ ವಸ್ತು ಇರುತ್ತೆ ಹೇಳಿ, ಬೀರು ಒಳಗಿನ ಬಟ್ಟೆಗೇ ಬೂಷ್ಟು ಬರೋ ಕಾಲ ಅದು. ಬಯಲುಸೀಮೆ ಕಡೆ ಅಪರೂಪಕ್ಕೆ ಮಳೇಲಿ ಸಿಕ್ಕೋರಿಗೆ ಸ್ಪ್ರೇ ಸರಿ, ದಿನಾ ನೆನೆಯೋರಿಗೆ ಆ ದುಡ್ಡು ದಂಡ.

ಗ್ಲಾಸ್ ಒಳಗೆ ಅಂಟಿಸೋ ಫಿಲ್ಮ್ ಕೂಡ ಬರುತ್ತೆ, ಅದು ತೇವ ಹೀರ್ಕೊಳ್ಳೋ ಥರದ್ದು. ಹೀರೋ ತನಕ ಚೆನ್ನ, ತುಂಬಿದ ಮೇಲೆ ಅಲೆ ಅಲೆ ಕಾಣುತ್ತೆ. ನಂದು ಎರಡನೇ ವಾರಕ್ಕೆ ಅಂಚಲ್ಲಿ ನೀರು ಹೋಗಿ ಎದ್ದು ಬಂತು.

ಇದರ ಮಧ್ಯೆ ನನಗೆ ಒಂದು ವಿಷಯ ಗೊತ್ತಾಗಿದ್ದು ಬಹಳ ತಡವಾಗಿ, ಇದನ್ನ ಯಾರೂ ಹೇಳೋದೇ ಇಲ್ಲ. ಉಸಿರು ಬಿಗಿ ಹಿಡಿದ್ರೂ ಗ್ಲಾಸ್ ಮಬ್ಬಾಗ್ತಿತ್ತು ಕೆಲವು ದಿನ. ಕಾರಣ ಹೆಲ್ಮೆಟ್ ಒಳಗಿನ ಸ್ಪಾಂಜು. ನಿನ್ನೆ ಸಂಜೆ ನೆಂದಿದ್ದು ರಾತ್ರಿ ಒಣಗಿರಲ್ಲ, ಬೆಳಿಗ್ಗೆ ತಲೆ ಬಿಸಿಗೆ ಆ ತೇವ ಎಲ್ಲ ಆವಿಯಾಗಿ ನೇರ ಗ್ಲಾಸ್‌ಗೆ. ಅದಕ್ಕೆ ಹಚ್ಚೋ ಮದ್ದು ಏನು ಮಾಡಿದ್ರೂ ಸಾಲದು. ನಮ್ಮಲ್ಲಿ ಬಟ್ಟೆ ಒಣಗ್ಸೋಕೆ ಒಲೆ ಮೇಲೆ ಹಗ್ಗ ಕಟ್ಟೋದು ರೂಢಿ, ನಮ್ಮಮ್ಮ ಪ್ರೀತಿಯಿಂದ ಹೆಲ್ಮೆಟ್ಟನ್ನೂ ಬಚ್ಚಲೊಲೆ ಮೇಲೆ ನೇತು ಹಾಕಿಬಿಟ್ಟಿದ್ರು, ಕೈ ಮುಗ್ದು ಇಳಿಸಿದೆ, ಯಾಕಂದ್ರೆ ಒಳಗಡೆ ಇರೋ ಥರ್ಮಾಕೋಲೇ ಬಿದ್ದಾಗ ತಲೆ ಕಾಯೋದು, ಒಲೆ ಶಾಖಕ್ಕೆ ಅದು ಕುಗ್ಗುತ್ತೆ. ಈಗ ಸ್ಪಾಂಜ್ ಬಿಚ್ಚಿ ಬೇರೆ ಮಾಡಿ ಟೇಬಲ್ ಫ್ಯಾನ್ ಮುಂದೆ ಇಡ್ತೀವಿ, ಕರೆಂಟ್ ಇಲ್ಲದ ರಾತ್ರಿ ಒಳಗೆ ಹಳೇ ಪೇಪರ್ ತುರುಕ್ತೀವಿ. ಈ ಒಂದು ಕೆಲಸಕ್ಕೇ ಮಬ್ಬು ಎಷ್ಟೋ ಕಮ್ಮಿ ಆಯ್ತು.

ಉಸಿರು ತಡೆಯೋದರಲ್ಲೂ ಎರಡು ಮೂರು ಥರ ಉಂಟು. ಮಂಕಿ ಕ್ಯಾಪ್ ಹಾಕಿ ಮೂಗು ಮುಚ್ಚೋದು ಹಳೇ ಕ್ರಮ, ಆದ್ರೆ ಉಸಿರು ಉಣ್ಣೆ ದಾಟಿ ಮೇಲಕ್ಕೇ ಹೋಗುತ್ತೆ, ಅಕ್ಕನ ಕನ್ನಡಕ ಮೊದ್ಲು ಮಬ್ಬು, ಆಮೇಲೆ ಗ್ಲಾಸು. ಮೂಗಿನ ಹತ್ರ ತಂತಿ ಇರೋ ಸರ್ಜಿಕಲ್ ಮಾಸ್ಕ್ ಅದಕ್ಕಿಂತ ಎಷ್ಟೋ ಮೇಲು, ತಂತೀನ ಮೂಗಿನ ಮೇಲೆ ಗಟ್ಟಿ ಒತ್ತಬೇಕು, ನೆಂದ್ರೆ ಮಾತ್ರ ಉಸಿರಾಡೋಕೆ ಕಷ್ಟ, ಹಾಗಾಗಿ ಬ್ಯಾಗಲ್ಲಿ ಇನ್ನೊಂದು ಇರ್ಲಿ. ಕೆಲವು ಹೆಲ್ಮೆಟ್‌ಗೆ ಬರೋ ಮೂಗಿನ ರಬ್ಬರ್ ಗಾರ್ಡ್ ನನಗೆ ಎಲ್ಲಕ್ಕಿಂತ ಹಿಡಿಸಿತು, ಉಸಿರನ್ನ ಕೆಳಗೆ ತಿರುಗಿಸುತ್ತೆ, ನೆನೆಯೋ ಮಾತಿಲ್ಲ, ಒಂದು ಸಲ ಸಿಕ್ಕಿಸಿದ್ರೆ ಆಯ್ತು. ಗಲ್ಲದ ಕೆಳಗೆ ಸಿಕ್ಕಿಸೋ ಬಟ್ಟೆ ಪರದೆ ಚಳಿಗೆ ಒಳ್ಳೇದು, ಮಬ್ಬಿಗೆ ಉಲ್ಟಾ, ಕೆಳಗಿಂದ ಬರೋ ಗಾಳೀನ ಅದು ಅಡ್ಡ ಹಾಕುತ್ತೆ, ನಿಧಾನಕ್ಕೆ ಹೋಗುವಾಗ ಉಸಿರೆಲ್ಲ ಒಳಗೇ ಸುತ್ತುತ್ತೆ. ಮಳೆಗಾಲಕ್ಕೆ ಅದನ್ನ ತೆಗೆದಿಡಿ.

ಕೊನೆಗೆ ಪಿನ್‌ಲಾಕ್. ನೆದರ್‌ಲ್ಯಾಂಡ್ಸ್ ಕಡೇದು, ಈಗ ನಮ್ಮ ದೇಶದಲ್ಲಿ ಸಿಗೋ ಬಹಳ ಹೆಲ್ಮೆಟ್‌ಗಳ ಗ್ಲಾಸಲ್ಲಿ ಇದಕ್ಕೆ ಅಂತ ಎರಡು ಪಿನ್ ಇರುತ್ತೆ. ಆ ಪಿನ್ ಮಧ್ಯೆ ಇನ್ನೊಂದು ತೆಳು ಹಾಳೆ ಕೂರುತ್ತೆ, ಅದರ ಸುತ್ತ ಸಿಲಿಕೋನ್ ಅಂಚು, ಗ್ಲಾಸಿಗೂ ಹಾಳೆಗೂ ಮಧ್ಯೆ ಗಾಳಿ ಸಿಕ್ಕಿ ಹಾಕ್ಕೊಳ್ಳುತ್ತೆ, ಹೊರಗಿನ ಚಳಿ ಒಳಗಿನ ಹಾಳೆ ತನಕ ಬರೋದೇ ಇಲ್ಲ, ಅದು ತಣ್ಣಗಾಗಲ್ಲ ಅಂದ್ಮೇಲೆ ಆವಿ ಹನಿ ಕಟ್ಟಲ್ಲ. ಜೊತೆಗೆ ಹಾಳೆ ತಾನೂ ಸ್ವಲ್ಪ ತೇವ ಹೀರುತ್ತೆ. 30, 70, 120 ಅಂತ ನಂಬರ್ ಬರುತ್ತೆ, ನಂಬರ್ ಹೆಚ್ಚಾದ ಹಾಗೆ ಹೆಚ್ಚು ಹೊತ್ತು ತಡೆಯುತ್ತೆ. ನಾನು ಹಾಕಿದ್ದು 70, ಪಿನ್ ಇರೋ ಹೊಸ ಗ್ಲಾಸೂ ಸೇರಿ ನನಗೆ 2,800 ಬಿತ್ತು, ಕೈ ನಡುಗಿತು ಕೊಡುವಾಗ, ಬ್ರೇಕ್ ಪೆಡಲ್ ನೆನಪಾಗಿ ಕೊಟ್ಟೆ.

ಮೊದಲ ವಾರ ನನಗೆ ನಿರಾಸೆಯೇ ಆಯ್ತು, ಎರಡು ಪದರದ ಮಧ್ಯೆ ಆವಿ ಕೂತು ಒರೆಸೋಕೂ ಆಗದ ಹಾಗಾಯ್ತು. ತಪ್ಪು ನನ್ನದು, ಹಾಳೆ ಸಡಿಲ ಕೂರಿಸಿದ್ದೆ. ಆ ಪಿನ್‌ಗಳನ್ನ ತಿರುಗಿಸಿದ್ರೆ ಹಾಳೆ ಬಿಗಿ ಆಗುತ್ತೆ ಅಂತ ಆಮೇಲೆ ತಿಳೀತು. ತೆಗೆದು ಎರಡನ್ನೂ ಒಣಗಿಸಿ ಪಿನ್ ಸ್ವಲ್ಪ ಸ್ವಲ್ಪ ತಿರುಗಿಸಿ ಸಿಲಿಕೋನ್ ಅಂಚು ಸುತ್ತಲೂ ಗ್ಲಾಸ್‌ಗೆ ಅಂಟಿದ್ಯಾ ಅಂತ ಬೆಳಕಿಗೆ ಹಿಡಿದು ನೋಡಿ ಕೂರಿಸಿದೆ, ಅದಾದ ಮೇಲೆ ಕಕ್ಕಡ 18ರ ದಿನ, ಅಂದ್ರೆ ಆಗಸ್ಟ್ 3ರ ಹೊತ್ತು, ಮದ್ದು ಸೊಪ್ಪಿನ ಪಾಯಸ ತಿನ್ನೋಕೆ ಸ್ನೇಹಿತನ ಮನೆಗೆ ಹೋದಾಗ ಹೋಗ್ತಾ ಬರ್ತಾ ಎರಡೂ ಹೊತ್ತು ಸುರಿಯೋ ಮಳೆ, ಗ್ಲಾಸ್ ಪೂರ್ತಿ ಮುಚ್ಚಿ ಓಡ್ಸಿದೀನಿ, ಅಂಚಲ್ಲಿ ಹಾಳೆ ಇಲ್ಲದ ಜಾಗ ಬಿಟ್ರೆ ಎಲ್ಲೂ ಮಬ್ಬಿಲ್ಲ. ಸುಳ್ಯಕ್ಕೆ ಹೋಗಿ ವಾಪಸ್ ಬರುವಾಗಲೂ ನೋಡಿದೆ, ಕೊಯನಾಡು ದಾಟಿ ಜೋಡುಪಾಲದ ಕಡೆ ಏರುವಾಗ ಚಳಿ ಶುರುವಾಗಿ ಲಾರಿ ಹಿಂದೆ ಹತ್ತು ಇಪ್ಪತ್ತರ ಸ್ಪೀಡಲ್ಲಿ ತೆವಳ್ಬೇಕಾಗುತ್ತಲ್ಲ, ಗಾಳಿ ಓಡಾಟ ಇಲ್ಲದ ಆ ಜಾಗದಲ್ಲಿ ಶಾಂಪೂನೂ ಸೋತಿತ್ತು, ಇದು ಸೋಲಲಿಲ್ಲ.

ಕೊರತೆ ಇಲ್ಲ ಅಂತಲ್ಲ. ರಾತ್ರಿ ಎದುರಿನ ಲೈಟಿಗೆ ಪಕ್ಕದಲ್ಲೇ ಇನ್ನೊಂದು ಮಂಕು ಲೈಟ್ ಕಾಣುತ್ತೆ, ಎರಡು ದಿನದಲ್ಲಿ ಕಣ್ಣು ಒಗ್ಗುತ್ತೆ. ಹಾಳೆ ಮೃದು, ಒಣ ಬಟ್ಟೇಲಿ ಉಜ್ಜಿದ್ರೆ ಗೀಚು ಖಂಡಿತ, ನೀರಲ್ಲಿ ನೆನೆಸಿ ಮೆತ್ತನೆ ಬಟ್ಟೇಲಿ ಒತ್ತಿ ಒಣಗಿಸ್ಬೇಕು, ಅದಕ್ಕೆ ಶಾಂಪೂ ಸ್ಪ್ರೇ ಏನೂ ಹಚ್ಬಾರ್ದು, ಕಿಟಕಿ ಗಾಜು ಒರೆಸೋ ನೀಲಿ ನೀರಂತೂ ಹತ್ರಕ್ಕೂ ತರ್ಬಾರ್ದು.

ಹಾಗಾಗಿ ನನ್ನ ಮಟ್ಟಿಗೆ, ಗ್ಲಾಸಲ್ಲಿ ಪಿನ್ ಇದ್ದು ಮಳೆಗಾಲದಲ್ಲಿ ದಿನಾ ಓಡ್ಸೋರಾದ್ರೆ ಪಿನ್‌ಲಾಕ್ ಬಿಟ್ಟು ಬೇರೆ ಯೋಚ್ನೆ ಬೇಡ. ಪಿನ್ ಇಲ್ಲಾಂದ್ರೆ ದಿನಾ ಬೆಳಿಗ್ಗೆ ಬೇಬಿ ಶಾಂಪೂ, ಜೊತೆಗೆ ಮೂಗಿನ ಗಾರ್ಡ್ ಇಲ್ಲ ತಂತಿ ಮಾಸ್ಕ್, ಸಂಜೆ ಹೊರಡೋ ಮುಂಚೆ ಇನ್ನೊಮ್ಮೆ ಶಾಂಪೂ. ಒಣಗಿದ ಸ್ಪಾಂಜ್ ಇಬ್ರಿಗೂ ಬೇಕೇ ಬೇಕು.

ಅಕ್ಕನ ಹೆಲ್ಮೆಟ್‌ನಲ್ಲಿ ಪಿನ್ ಇಲ್ಲ. ಗ್ಲಾಸಿಗೆ ತೂತು ಕೊರೆದು ಪಿನ್ ಹಾಕಿಕೊಡ್ತೀನಿ ಅಂತ ಒಬ್ರು ಹೇಳಿದ್ರು, ತೂತಿನ ಹತ್ರ ಬಿರುಕು ಬಿಡೋ ಅಪಾಯ ಉಂಟು ಅಂತ ನಾನೇ ಬೇಡ ಅಂದೆ. ಪಿನ್ ಇರೋ ಹೆಲ್ಮೆಟ್ ತಗೋ ಅಂದ್ರೆ ಅವ್ಳು ಕೇಳಿದ್ಲು, "ಅಲ್ವೋ, ಗ್ಲಾಸ್ ತಿಳಿಯಾಗಿದ್ರೆ ನನ್ನ ಕನ್ನಡಕಕ್ಕೆ ಏನಾಯ್ತೋ?" ಅದು ನಿಜ, ಪಿನ್‌ಲಾಕ್ ಕನ್ನಡಕದ ಮಬ್ಬನ್ನ ತಡೆಯಲ್ಲ. ಈಗ ಅವ್ಳು ಕನ್ನಡಕಕ್ಕೂ ಗ್ಲಾಸಿಗೂ ಶಾಂಪೂ ಹಚ್ತಾಳೆ, ಮಾಸ್ಕ್ ಮೇಲಂಚಿಗೆ ಮೆಡಿಕಲ್ ಟೇಪ್ ಅಂಟಿಸ್ತಾಳೆ, ಕನ್ನಡಕವನ್ನ ಮೂಗಿನ ಮೇಲೆ ಒಂಚೂರು ಮುಂದಕ್ಕೆ ಇಟ್ಕೊಳ್ತಾಳೆ ಗಾಳಿ ಆಡ್ಲಿ ಅಂತ, ಇಷ್ಟು ಮಾಡಿದ್ರೆ ಮೂರ್ನಾಡು ತನಕ ಒಂದೇ ಒಂದು ಸಲ ನಿಲ್ಲಿಸಿ ಒರೆಸಿದ್ರೆ ಸಾಕಂತೆ, ಮುಂಚೆ ನಾಲ್ಕು ಸಲ ನಿಲ್ಲಿಸ್ತಿದ್ಲು. ಸೆಪ್ಟೆಂಬರ್ ಶುರುವಲ್ಲಿ ಬರೋ ಕೈಲ್ ಮುಹೂರ್ತ ಹಬ್ಬದೊಳಗೆ ಮೂಗಿನ ಗಾರ್ಡ್ ಇರೋ ಹೆಲ್ಮೆಟ್ ಒಂದು ಅವ್ಳ ತಲೆ ಸೈಜಿಗೆ ಹುಡುಕ್ಬೇಕು, ಮೈಸೂರಿಗೆ ಹೋದಾಗ ಕರ್ಕೊಂಡು ಹೋಗಿ ಹಾಕಿ ನೋಡಿಯೇ ತರ್ಬೇಕು ಅಂತಿದೀನಿ.