ಎಚ್‌ಪಿ 53131ಎ ಫ್ರೀಕ್ವೆನ್ಸಿ ಕೌಂಟರ್: ದೀರ್ಘಕಾಲದ ಬಳಕೆಯ ನಂತರ

ಹವ್ಯಾಸಿ ರೇಡಿಯೋ ಸೆಟ್‌ಗಳ ರಿಪೇರಿಗೂ ಕ್ರಿಸ್ಟಲ್ ಆಸಿಲೇಟರ್‌ಗಳ (ಕ್ರಿಸ್ಟಲ್‌ನ ಕಂಪನದಿಂದ ಸ್ಥಿರ ಸಿಗ್ನಲ್ ಕೊಡುವ ಸರ್ಕ್ಯೂಟ್‌ಗಳ) ಪರೀಕ್ಷೆಗೂ ನಾನು ಹಲವು ವರ್ಷಗಳಿಂದ ನೆಚ್ಚಿಕೊಂಡಿರುವುದು ಎಚ್‌ಪಿ 53131ಎ ಯೂನಿವರ್ಸಲ್ ಕೌಂಟರನ್ನು, ಅಂದರೆ ಸಿಗ್ನಲ್‌ನ ಫ್ರೀಕ್ವೆನ್ಸಿಯನ್ನು (ಸೆಕೆಂಡಿಗೆ ಎಷ್ಟು ಆವರ್ತಗಳು ಎಂಬುದನ್ನು) ಅಳೆಯುವ ಯಂತ್ರವನ್ನು. 1990ರ ದಶಕದಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಹೊರತಂದು, ಮುಂದೆ ಅಜಿಲೆಂಟ್ ಹೆಸರಿನಲ್ಲಿಯೂ ಮಾರಾಟವಾದ ಈ ಉಪಕರಣವನ್ನು ಈಗ ಕೊಳ್ಳಬೇಕೆಂದರೆ ಸೆಕೆಂಡ್‌ಹ್ಯಾಂಡ್ ಮಾಲನ್ನೇ ಹುಡುಕಬೇಕು. ಮುಂಭಾಗದ ಎರಡು ಚಾನೆಲ್‌ಗಳು 225 ಮೆಗಾಹರ್ಟ್ಸ್‌ವರೆಗೆ ಅಳೆಯುತ್ತವೆ. ಅದಕ್ಕಿಂತ ಮೇಲಿನ ಸಿಗ್ನಲ್‌ಗಳಿಗೆ ಪ್ರತ್ಯೇಕವಾಗಿ ಹಾಕಿಸಿಕೊಳ್ಳಬೇಕಾದ ಮೂರನೆಯ ಚಾನೆಲ್ ಇದೆ.

ಇದರ ನಿಜವಾದ ಬೆಲೆ ತಿಳಿಯುವುದು ಕಡಿಮೆ ಫ್ರೀಕ್ವೆನ್ಸಿಯ ಕೆಲಸದಲ್ಲಿ. ಅಗ್ಗದ ಕೌಂಟರ್‌ಗಳು ಒಂದು ಸೆಕೆಂಡಿನ ಗೇಟ್ ತೆರೆದು, ಅಷ್ಟರೊಳಗೆ ಎಷ್ಟು ಆವರ್ತಗಳು ಬಂದವೆಂದು ಎಣಿಸುತ್ತವೆ. ಎಣಿಕೆಯಲ್ಲಿ ಒಂದು ಹೆಚ್ಚು ಅಥವಾ ಒಂದು ಕಡಿಮೆ ಆಗುವುದನ್ನು ತಪ್ಪಿಸಲಾಗದು. ಗಡಿಯಾರದ 32,768 ಹರ್ಟ್ಸ್ ಕ್ರಿಸ್ಟಲ್‌ನಲ್ಲಿ ಆ ಒಂದು ಎಣಿಕೆ ಎಂದರೆ ದಿನಕ್ಕೆ ಸುಮಾರು 2.6 ಸೆಕೆಂಡುಗಳ ವ್ಯತ್ಯಾಸ. 53131ಎ ಹಾಗಲ್ಲದೆ, ಸಿಗ್ನಲ್‌ನ ಏರುವ ಅಂಚಿನಿಂದ ಅಂಚಿಗೆ ಹಿಡಿದ ಸಮಯವನ್ನು ತನ್ನ ಒಳಗಿನ ಕ್ಲಾಕ್‌ನಿಂದ ಅಳೆದು, ಅದರಿಂದ ಫ್ರೀಕ್ವೆನ್ಸಿಯನ್ನು ಲೆಕ್ಕ ಹಾಕುತ್ತದೆ. ಹೀಗಾಗಿ ಸಿಗ್ನಲ್ ಕಿಲೋಹರ್ಟ್ಸ್‌ನಲ್ಲಿರಲಿ, ಮೆಗಾಹರ್ಟ್ಸ್‌ನಲ್ಲಿರಲಿ, ಒಂದು ಸೆಕೆಂಡಿನಲ್ಲಿ ಸುಮಾರು 10 ಅಂಕಿಗಳು ದೊರೆಯುತ್ತವೆ.

ಆದರೆ ಅಂಕಿಗಳು ಹೆಚ್ಚಿದ ಮಾತ್ರಕ್ಕೆ ಅಳತೆ ಸರಿಯಾಯಿತೆಂದಲ್ಲ. ತೂಕದ ಕಲ್ಲೇ ತಪ್ಪಿದ್ದರೆ ತಕ್ಕಡಿ ಎಷ್ಟು ನಯವಾಗಿದ್ದರೇನು? ಕಂಪನಿಯ ವಿವರಪಟ್ಟಿಯ ಪ್ರಕಾರವೇ, ಸಾಮಾನ್ಯ ಟೈಮ್‌ಬೇಸ್ (ಅಳತೆಗೆ ಆಧಾರವಾದ ಒಳಗಿನ ಕ್ಲಾಕ್) ಹಳೆಯದಾಗುತ್ತ ತಿಂಗಳಿಗೆ ಒಂದು ಕೋಟಿಯಲ್ಲಿ 3 ಭಾಗದವರೆಗೆ ಸರಿಯಬಹುದು. ತಾಪಮಾನದ ಏರಿಳಿತದಿಂದ ದಶಲಕ್ಷದಲ್ಲಿ 5 ಭಾಗದವರೆಗೆ ವ್ಯತ್ಯಾಸವಾಗಬಹುದು. 145 ಮೆಗಾಹರ್ಟ್ಸ್‌ನ ಟ್ರಾನ್ಸ್‌ಮಿಟರಿನಲ್ಲಿ ಇದು 725 ಹರ್ಟ್ಸ್ ಆಗುತ್ತದೆ, ಅಂದರೆ ಪರದೆಯ ಕೊನೆಯ ನಾಲ್ಕೈದು ಅಂಕಿಗಳಿಗೆ ಅರ್ಥವೇ ಇರುವುದಿಲ್ಲ. ಓವನ್ ಆಸಿಲೇಟರ್ (ಒಂದೇ ತಾಪಮಾನದಲ್ಲಿ ಬಿಸಿಯಾಗಿಟ್ಟ ಕ್ರಿಸ್ಟಲ್‌ನ ಕ್ಲಾಕ್) ಇರುವ ಯಂತ್ರ ಸಿಕ್ಕರೆ ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಅದನ್ನೇ ಕೊಳ್ಳುವುದು ಲೇಸು. ಸಿಗದಿದ್ದರೆ ಹಿಂಭಾಗದ ರೆಫರೆನ್ಸ್ ಸಾಕೆಟ್‌ಗೆ ಜಿಪಿಎಸ್ ಆಧಾರಿತ 10 ಮೆಗಾಹರ್ಟ್ಸ್ ಮೂಲವನ್ನು ಜೋಡಿಸಬಹುದು; ನಾನು ಮಾಡಿಕೊಂಡಿರುವುದು ಇದನ್ನೇ. ಯಾವ ಟೈಮ್‌ಬೇಸ್ ಇದೆಯೆಂದು ಕೇಳದೆ ಮುಂಗಡ ಕೊಡಬೇಡಿ.

ಬಳಕೆಯಲ್ಲಿ ಹೆಚ್ಚು ಗಮನ ಬೇಡುವುದು ಟ್ರಿಗರ್ ಮಟ್ಟ, ಅಂದರೆ ಸಿಗ್ನಲ್ ದಾಟಿದಾಗ ಯಂತ್ರ ಎಣಿಸುವ ವೋಲ್ಟೇಜ್. ಗದ್ದಲ ಬೆರೆತ ಸಿಗ್ನಲ್ ಒಂದೇ ಆವರ್ತದಲ್ಲಿ ಎರಡು ಬಾರಿ ಮಟ್ಟವನ್ನು ದಾಟಿದರೆ ಪರದೆಯಲ್ಲಿ ಬರುವ ಸಂಖ್ಯೆ ನಂಬುವಂತೆಯೇ ಕಾಣುತ್ತದೆ, ಆದರೆ ತಪ್ಪಾಗಿರುತ್ತದೆ. 50 ಹರ್ಟ್ಸ್ ಮೇನ್ಸ್ ಅನ್ನು ಸಣ್ಣ ಟ್ರಾನ್ಸ್‌ಫಾರ್ಮರ್ ಮೂಲಕ ಅಳೆಯುವಾಗ ಆಟೋ ಟ್ರಿಗರ್ ತೆಗೆದು, ಮಟ್ಟವನ್ನು ಕೈಯಿಂದಲೇ ಹೊಂದಿಸಿ, 100 ಕಿಲೋಹರ್ಟ್ಸ್ ಫಿಲ್ಟರ್ ಹಾಕಿದರೆ ಅಂಕಿಗಳು ಸ್ಥಿರವಾಗಿ ನಿಲ್ಲುತ್ತವೆ. ಆಸಿಲೇಟರಿನ ಕ್ರಿಸ್ಟಲ್ ಕಾಲಿಗೇ ಪ್ರೋಬ್ ತಾಗಿಸುವುದಂತೂ ಸಲ್ಲದು, ಏಕೆಂದರೆ ಪ್ರೋಬಿನ ಕೆಪಾಸಿಟೆನ್ಸ್ ಸೇರಿ ಫ್ರೀಕ್ವೆನ್ಸಿಯೇ ಬದಲಾಗುತ್ತದೆ. ಆಸಿಲೇಟರಿಗೆ ಹೊರೆಯಾಗದಂತೆ ಸಿಗ್ನಲನ್ನು ಮುಂದೆ ಕಳಿಸುವ ಬಫರ್ ಸರ್ಕ್ಯೂಟ್‌ನ ಔಟ್‌ಪುಟ್‌ನಿಂದ ಸಿಗ್ನಲ್ ಪಡೆಯಬೇಕು.

ಸರಾಸರಿ, ಕನಿಷ್ಠ, ಗರಿಷ್ಠ, ಸ್ಟ್ಯಾಂಡರ್ಡ್ ಡೀವಿಯೇಷನ್ ಇವೆಲ್ಲವನ್ನೂ ಯಂತ್ರವೇ ತೋರಿಸುವುದರಿಂದ ಆಸಿಲೇಟರುಗಳನ್ನು ಹೋಲಿಸುವ ಕೆಲಸ ಸುಲಭವಾಗಿದೆ. ಕಂಪ್ಯೂಟರಿಗೆ ಜೋಡಿಸುವವರಿಗೆ ಮಾತ್ರ ಒಂದು ಸೂಚನೆ: ಹಿಂಭಾಗದ ಆರ್‌ಎಸ್-232 ಪೋರ್ಟ್ ಫಲಿತಾಂಶಗಳನ್ನು ಹೊರಗೆ ಕಳಿಸುತ್ತದೆಯೇ ಹೊರತು ಆದೇಶಗಳನ್ನು ಸ್ವೀಕರಿಸುವುದಿಲ್ಲ. ನಿಯಂತ್ರಣಕ್ಕೆ ಜಿಪಿಐಬಿ (ಅಳತೆ ಉಪಕರಣಗಳನ್ನು ಕಂಪ್ಯೂಟರಿಗೆ ಜೋಡಿಸುವ ಸಂಪರ್ಕ) ಬೇಕು, ಅದರ ಅಡಾಪ್ಟರಿನ ಖರ್ಚನ್ನೂ ಕೊಳ್ಳುವಾಗಲೇ ಲೆಕ್ಕಕ್ಕೆ ಹಿಡಿಯಬೇಕು.