ಟೋಕಿಯೋದಿಂದ ಕ್ಯೋಟೋಗೆ: ನಾಲ್ಕು ದಾರಿಗಳಲ್ಲೂ ಓಡಾಡಿದ ಮೇಲೆ

ನಾನಿರುವುದು ಟೋಕಿಯೋದ ನಿಶಿಕಸಾಯ್‌ನಲ್ಲಿ. ಊರಿನಿಂದ ಹೊರಡುವ ನೆಂಟರು, ಗೆಳೆಯರು ವೀಸಾ ಕೈಗೆ ಬಂದ ಕೂಡಲೇ ಕೇಳುವುದು ಒಂದೇ ಮಾತು: "ಜೆಆರ್ ಪಾಸ್ ತಗೊಳ್ಳೋದಾ?" ನಿಗದಿತ ದಿನಗಳವರೆಗೆ ಜೆಆರ್ ಕಂಪನಿಗಳ ರೈಲುಗಳಲ್ಲಿ ಬೇಕಾದಷ್ಟು ಓಡಾಡಲು ಪ್ರವಾಸಿಗರಿಗೆ ಕೊಡುವ ಟಿಕೆಟ್ ಅದು. ಟೋಕಿಯೋ, ಕ್ಯೋಟೋ, ಒಸಾಕಾ ಇಷ್ಟೇ ನೋಡುವುದಾದರೆ ಬೇಡ. 2023ರ ಅಕ್ಟೋಬರ್‌ನಲ್ಲಿ 7 ದಿನದ ಪಾಸ್ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಕ್ಯೋಟೋಗೆ ಬುಲೆಟ್ ಟ್ರೈನಿನಲ್ಲಿ ಹೋಗಿ ಬರುವ ಖರ್ಚು 30,000ದೊಳಗೇ ಮುಗಿಯುತ್ತದೆ. ಹಳೆಯ ವಿಡಿಯೋ ನೋಡಿ ಪಾಸ್ ಕೊಂಡು ಬಂದವರನ್ನು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಪಾಸಿಗಿಂತ ಮೊದಲು ಯೋಚಿಸಬೇಕಾದ್ದು ದಾರಿಯ ಬಗ್ಗೆ. ಈ ಎರಡು ಊರುಗಳ ನಡುವಿನ 500 ಚಿಲ್ಲರೆ ಕಿಲೋಮೀಟರಿನಲ್ಲಿ ಏನೇನಿದೆ ಎಂದು ಯಾರೂ ಕೇಳುವುದಿಲ್ಲ ಎನ್ನುವುದೇ ನನ್ನ ಬೇಸರ.

ನೊಝೋಮಿ

1964ರ ಅಕ್ಟೋಬರ್ 1ರಂದು ಶುರುವಾದ ತೋಕಾಯ್ದೋ ಶಿಂಕಾನ್ಸೆನ್ ಎಂಬ ಬುಲೆಟ್ ಟ್ರೈನ್ ಹಳಿಯ ಮೇಲೆ ಈಗ ನೊಝೋಮಿ ಎಂಬ ಅತಿ ವೇಗದ ಗಾಡಿ ಗಂಟೆಗೆ 285 ಕಿ.ಮೀ.ವರೆಗಿನ ವೇಗದಲ್ಲಿ ಓಡುತ್ತದೆ. ಕ್ಯೋಟೋಗೆ ಎರಡೂಕಾಲು ಗಂಟೆ, ಟಿಕೆಟ್ ಸುಮಾರು 14,000 ಯೆನ್. ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ ಹತ್ತಕ್ಕೂ ಹೆಚ್ಚು ಗಾಡಿಗಳನ್ನು ಬಿಡುತ್ತಾರೆ. ಹಾಗಾಗಿ ತಿಂಗಳ ಮುಂಚೆ ಬುಕ್ ಮಾಡಬೇಕೆಂಬ ಗಾಬರಿ ಬೇಡ. ಗೋಲ್ಡನ್ ವೀಕ್ (ಏಪ್ರಿಲ್ ಕೊನೆ, ಮೇ ಮೊದಲ ವಾರದ ರಜೆ), ಓಬೋನ್ (ಆಗಸ್ಟ್‌ನ ಹಬ್ಬ), ಹೊಸ ವರ್ಷದ ಸಮಯದಲ್ಲಿ ಮಾತ್ರ ಎಲ್ಲ ಬೋಗಿಗಳಲ್ಲೂ ಸೀಟು ಕಾಯ್ದಿರಿಸಿದವರಿಗಷ್ಟೇ ಜಾಗ.

ಕ್ಯೋಟೋ ಕಡೆ ಹೋಗುವಾಗ ಬಲಗಡೆಯ ಇ ಸೀಟು ಹಿಡಿಯಿರಿ. ಹೊರಟು ಮುಕ್ಕಾಲು ಗಂಟೆಯಾಗುವಷ್ಟರಲ್ಲಿ, ಮೋಡವಿಲ್ಲದಿದ್ದರೆ, ಫ್ಯೂಜಿ ಪರ್ವತ ಬುಡದಿಂದ ತುದಿಯವರೆಗೂ ಕಾಣುತ್ತದೆ. ಆದರೆ ಒಂದೆರಡು ನಿಮಿಷ ಅಷ್ಟೇ. ಉಳಿದ ದಾರಿಯೆಲ್ಲ ಸುರಂಗ, ತಡೆಗೋಡೆ, ಮನೆಗಳ ಮಾಡು. ದೊಡ್ಡ ಸೂಟ್‌ಕೇಸ್ ಇರುವವರು ಒಂದು ಗಮನಿಸಿ: ಉದ್ದ, ಅಗಲ, ಎತ್ತರ ಕೂಡಿಸಿದರೆ 160 ಸೆಂ.ಮೀ. ದಾಟುವ ಪೆಟ್ಟಿಗೆಗೆ ಬೋಗಿಯ ಕೊನೆಯ ಸಾಲಿನ ಸೀಟನ್ನೇ ಕಾಯ್ದಿರಿಸಬೇಕು. ಅದಕ್ಕೆ ಹೆಚ್ಚಿನ ದುಡ್ಡಿಲ್ಲ, ಕಾಯ್ದಿರಿಸದೆ ಹತ್ತಿದರೆ 1,000 ಯೆನ್ ಕಟ್ಟಬೇಕು. ಪುಳಿಯೋಗರೆಯೋ ಚಪಾತಿಯೋ ಕಟ್ಟಿಕೊಂಡಿದ್ದರೆ ಸೀಟಿನಲ್ಲೇ ಕೂತು ತಿನ್ನಬಹುದು, ಯಾರೂ ಏನೂ ಅನ್ನುವುದಿಲ್ಲ.

ರಾತ್ರಿ ಬಸ್ಸು

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಿಂಜುಕುವಿನ ಬಸ್ತಾ ಟರ್ಮಿನಲ್‌ನಿಂದ ಹೊರಟರೆ ಏಳೆಂಟು ಗಂಟೆ. ವಾರದ ದಿನಗಳಲ್ಲಿ ನೊಝೋಮಿಯ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸೀಟು ಸಿಗುತ್ತದೆ, ಒಂದು ರಾತ್ರಿಯ ಹೋಟೆಲ್ ಖರ್ಚೂ ಉಳಿಯುತ್ತದೆ. ಬೆಳಗಿನ ಜಾವ ಕ್ಯೋಟೋ ಸ್ಟೇಷನ್ನಿನ ಹತ್ತಿರ ಇಳಿಸುತ್ತಾರೆ. ಅಲ್ಲಿಂದ ನಾರಾ ಲೈನಿನಲ್ಲಿ ಎರಡನೆಯ ನಿಲ್ದಾಣವೇ ಇನಾರಿ. ಫುಶಿಮಿ ಇನಾರಿ ಗುಡಿಗೆ ಬಾಗಿಲು ಹಾಕುವ ಪದ್ಧತಿಯಿಲ್ಲ. ಹಗಲೆಲ್ಲ ಕಾಲಿಡಲು ಜಾಗವಿಲ್ಲದ ಆ ಕೆಂಪು ತೋರಿ ದ್ವಾರಗಳ ಸಾಲಿನಲ್ಲಿ ಬೆಳಗ್ಗೆ ಆರೂವರೆಗೆ ನೀವೊಬ್ಬರೇ ನಡೆಯಬಹುದು. ಆದರೆ ಮಧ್ಯಾಹ್ನದ ಹೊತ್ತಿಗೆ ಕಣ್ಣು ಎಳೆಯುತ್ತದೆ, ಹೋಟೆಲ್ ರೂಮು ಸಿಗುವುದು ಮೂರು ಗಂಟೆಗೆ. ಇಪ್ಪತ್ತೈದರ ವಯಸ್ಸಿನವರಿಗೆ ಸರಿ. ಅಪ್ಪ, ಅಮ್ಮನನ್ನು ಇದರಲ್ಲಿ ಕೂರಿಸಬೇಡಿ.

ಸಾದಾ ರೈಲು

ನನಗೆ ಅತ್ಯಂತ ಪ್ರಿಯವಾದ ದಾರಿ ಇದು, ಊರಿನಿಂದ ಬರುವವರಿಗೆ ಗೊತ್ತೇ ಇಲ್ಲದ ದಾರಿಯೂ ಇದೇ. ಅದೇ ತೋಕಾಯ್ದೋ ಮಾರ್ಗದಲ್ಲಿ ಹಳೆಯ ಹಳಿಯ ಮೇಲೆ ಲೋಕಲ್ ಗಾಡಿಗಳು ಓಡುತ್ತವೆ. ಅತಾಮಿ, ಹಮಾಮಾತ್ಸು, ತೊಯೊಹಾಶಿ, ಮೈಬಾರಾ ಹೀಗೆ ಬದಲಿಸಿಕೊಂಡು ಹೋದರೆ ಒಂಬತ್ತು ಗಂಟೆ. ನಾನು ಹೋದಾಗ ಟಿಕೆಟ್ 8,360 ಯೆನ್ ಇತ್ತು.

ಬರೀ ಉಳಿತಾಯಕ್ಕೆಂದು ಒಂದೇ ದಿನದಲ್ಲಿ ಒಂಬತ್ತು ಗಂಟೆ ಕೂರುವುದು ಹಿಂಸೆ. ಗುಟ್ಟಿರುವುದು ಟಿಕೆಟ್ಟಿನಲ್ಲಿ. ದೂರ 400 ಕಿ.ಮೀ. ದಾಟಿ 600ರೊಳಗಿದ್ದರೆ ಸಾದಾ ಟಿಕೆಟ್ 4 ದಿನ ನಡೆಯುತ್ತದೆ. ಹಿಂದಕ್ಕೆ ತಿರುಗದೆ ಮುಂದಕ್ಕೆ ಹೋಗುತ್ತಿರುವವರೆಗೆ ದಾರಿಯ ಊರುಗಳಲ್ಲಿ ಇಳಿದು, ನೋಡಿ, ಮತ್ತೆ ಹತ್ತಬಹುದು. ಸ್ಟೇಷನ್ ಕೌಂಟರಿನಲ್ಲಿ ಕ್ಯೋಟೋವರೆಗಿನ ಜೋಶಾಕೆನ್ (ಸಾದಾ ಪ್ರಯಾಣದ ಟಿಕೆಟ್) ಕೇಳಿ, ಕಾಗದದ ಟಿಕೆಟ್ ಕೊಡುತ್ತಾರೆ. ನಡುವೆ ಇಳಿಯುವಾಗ ಸಿಬ್ಬಂದಿ ಇರುವ ಗೇಟಿನಲ್ಲಿ ತೋರಿಸಿದರೆ ವಾಪಸ್ ಕೊಡುತ್ತಾರೆ. ಮೊದಲೇ ದುಡ್ಡು ತುಂಬಿಸಿಟ್ಟ ಸುಯಿಕಾ ಕಾರ್ಡನ್ನು ಗೇಟಿನಲ್ಲಿ ಉಜ್ಜಿ ಹೊರಟರೆ ಇದು ಆಗುವುದಿಲ್ಲ, ಆ ಕಾರ್ಡು ಟೋಕಿಯೋ ವಲಯ ದಾಟಿ ಕ್ಯೋಟೋವರೆಗೆ ನಡೆಯುವುದೂ ಇಲ್ಲ.

ನಾನು ಮೊದಲ ದಿನ ಓದಾವಾರಾದಲ್ಲಿ ಇಳಿದೆ. ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಕೋಟೆ, ಆದರೆ ಈಗಿರುವುದು 1960ರಲ್ಲಿ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿದ್ದು. ಅತಾಮಿ ದಾಟಿದ ಮೇಲೆ ಶಿಝುವೋಕಾ ಸೀಮೆ ಮುಗಿಯುವುದೇ ಇಲ್ಲ. ಮೂರು ಗಂಟೆ ನಮ್ಮ ಮೆಟ್ರೋದಂತೆ ಗೋಡೆಗೆ ಬೆನ್ನು ಕೊಟ್ಟು ಕೂರುವ ಉದ್ದ ಸೀಟು. ಅಲ್ಲಿ ಬುತ್ತಿ ಬಿಚ್ಚುವ ಹಾಗಿಲ್ಲ. ಯುಯಿ ಹತ್ತಿರ ಮಾತ್ರ ಬೆಟ್ಟ ಸಮುದ್ರದವರೆಗೂ ಬಂದು ಹಳಿ, ರಸ್ತೆ ಎರಡನ್ನೂ ನೀರಿನ ಅಂಚಿಗೆ ಒತ್ತಿಬಿಡುತ್ತದೆ. ಮೊಬೈಲ್ ನೋಡುತ್ತಿದ್ದವರೂ ಅಲ್ಲಿ ತಲೆಯೆತ್ತುತ್ತಾರೆ. ರಾತ್ರಿ ಹಮಾಮಾತ್ಸುವಿನಲ್ಲಿ ಉಳಿದೆ.

ಎರಡನೆಯ ದಿನ ಸೆಕಿಗಹಾರಾ ದಾಟಿತು. ತೊಕುಗಾವಾ ಇಯೆಯಾಸು 1600ರಲ್ಲಿ ಗೆದ್ದು ಜಪಾನಿನ ಚರಿತ್ರೆ ತಿರುಗಿಸಿದ ಬಯಲು ಅದು. ಮುಂದೆ ಹಿಕೋನೆಯಲ್ಲಿ ಇಳಿದೆ. ಇಲ್ಲಿನ ಕೋಟೆ ಕಾಂಕ್ರೀಟಿನದ್ದಲ್ಲ. 17ನೆಯ ಶತಮಾನದ ಮರದ ಕಟ್ಟಡ, ರಾಷ್ಟ್ರೀಯ ನಿಧಿ ಎಂದು ಘೋಷಿತವಾದ ಐದೇ ಕೋಟೆಗಳಲ್ಲಿ ಒಂದು. ಚಪ್ಪಲಿ ಚೀಲದಲ್ಲಿ ಹಾಕಿಕೊಂಡು ಒಳಗೆ ಹೋಗಬೇಕು. ಮೆಟ್ಟಿಲು ಎಷ್ಟು ಕಡಿದೆಂದರೆ ಎರಡೂ ಕೈಯಲ್ಲಿ ಕಂಬಿ ಹಿಡಿದೇ ಹತ್ತಬೇಕು, ಇಳಿಯುವಾಗ ಮುಖ ಒಳಕ್ಕೆ ಮಾಡಿಕೊಂಡು ಒಂದೊಂದೇ ಕಾಲಿಡಬೇಕು. ತೊಲೆಗಳು ನೇರ ಕೊಯ್ದವಲ್ಲ, ಮರ ಬೆಳೆದ ವಂಕಿಯನ್ನು ಹಾಗೇ ಇಟ್ಟು ಒಂದರ ಮೇಲೊಂದು ಕೂಡಿಸಿದ್ದಾರೆ. ಮೇಲಿನ ಕಿಟಕಿಯಿಂದ ಜಪಾನಿನ ಅತಿ ದೊಡ್ಡ ಸರೋವರವಾದ ಬಿವಾ ಕಾಣುತ್ತದೆ. ಹಿಕೋನೆಯಿಂದ ಕ್ಯೋಟೋ ಶಿನ್‌ಕಾಯ್‌ಸೊಕು ಎಂಬ ವೇಗದ ಸಾದಾ ಗಾಡಿಯಲ್ಲಿ ಒಂದು ಗಂಟೆಯೂ ಇಲ್ಲ, ಸೀಟು ಕಿಟಕಿಯ ಪಕ್ಕದ್ದು, ಮೇಲೆ ಬೇರೆ ಶುಲ್ಕವಿಲ್ಲ. ಇಂಥ ಜಾಗವನ್ನು ನೊಝೋಮಿಯಲ್ಲಿ ನಿದ್ದೆ ಮಾಡುತ್ತ ದಾಟುತ್ತೇವಲ್ಲ ಎಂದು ಸಂಕಟವಾಯಿತು.

ದೊಡ್ಡ ಪೆಟ್ಟಿಗೆ ಹೊತ್ತು ಈ ದಾರಿ ಹಿಡಿಯಬೇಡಿ. ಬದಲಿಸುವ ಗಾಡಿಗೆ ಕೆಲವೇ ನಿಮಿಷ ಇರುತ್ತದೆ, ಜನ ಸೀಟಿಗಾಗಿ ಓಡುತ್ತಾರೆ. ಹೋಟೆಲಿನಿಂದಲೋ ಕೊಂಬಿನಿ ಅಂಗಡಿಯಿಂದಲೋ ಪೆಟ್ಟಿಗೆಯನ್ನು ತಕ್ಕ್ಯುಬಿನ್ ಎಂಬ ಸಾಮಾನು ಸಾಗಿಸುವ ಸೇವೆಯಲ್ಲಿ ಕಳಿಸಿದರೆ ಸಾಮಾನ್ಯವಾಗಿ ಮರುದಿನವೇ ಕ್ಯೋಟೋದ ಹೋಟೆಲ್ ಮುಟ್ಟುತ್ತದೆ. ಬೆನ್ನಿಗೊಂದು ಚೀಲ ಸಾಕು.

ಕನಾಝಾವಾ ಸುತ್ತಿಕೊಂಡು

ಹೊಕುರಿಕು ಶಿಂಕಾನ್ಸೆನ್‌ನಲ್ಲಿ ಟೋಕಿಯೋದಿಂದ ಕನಾಝಾವಾ ಎರಡೂವರೆ ಗಂಟೆ. ತೊಯಾಮಾ ಹತ್ತಿರ ಎಡಗಡೆಯ ಕಿಟಕಿಯಲ್ಲಿ ತಾತೆಯಾಮಾ ಸಾಲು ಹಿಮ ಹೊತ್ತು ನಿಂತಿರುತ್ತದೆ. ಕನಾಝಾವಾದಲ್ಲಿ ಒಂದು ರಾತ್ರಿ ಇರಲೇಬೇಕು: ಕೆನ್‌ರೊಕುಎನ್ ಉದ್ಯಾನ, ಹಳೆಯ ಮರದ ಮನೆಗಳ ಹಿಗಾಶಿ ಚಾಯಾ ಬೀದಿ, ಚಿನ್ನದ ತಗಡಿನ ಕೆಲಸ. ಮೊದಲು ಅಲ್ಲಿಂದ ಕ್ಯೋಟೋಗೆ ಥಂಡರ್‌ಬರ್ಡ್ ರೈಲು ನೇರ ಇತ್ತು. 2024ರ ಮಾರ್ಚ್ 16ರಂದು ಬುಲೆಟ್ ಹಳಿ ತ್ಸುರುಗಾವರೆಗೆ ಬೆಳೆದ ಮೇಲೆ ಅಲ್ಲಿ ಗಾಡಿ ಬದಲಿಸಬೇಕು. ಒಂದೇ ಕಟ್ಟಡದಲ್ಲಿ ಮೇಲಿನಿಂದ ಕೆಳಗೆ ಇಳಿಯುವುದು ಅಷ್ಟೇ, ಆದರೂ ವಯಸ್ಸಾದವರ ಕೈಹಿಡಿದು ನಡೆಯುವವರಿಗೆ ಅದೊಂದು ತೊಡಕು.

ಟೋಕಿಯೋದಲ್ಲಿ ಇಳಿದು ಒಸಾಕಾದ ಕನ್ಸಾಯ್ ವಿಮಾನ ನಿಲ್ದಾಣದಿಂದ ಊರಿಗೆ ಹಾರುವವರಿಗೆ ಹೊಕುರಿಕು ಆರ್ಚ್ ಪಾಸ್ ಚೆನ್ನಾಗಿ ಹೊಂದುತ್ತದೆ: 2024ರಲ್ಲಿ 7 ದಿನಕ್ಕೆ 30,000 ಯೆನ್ ಇತ್ತು, ಎರಡೂ ಕಡೆಯ ವಿಮಾನ ನಿಲ್ದಾಣದ ರೈಲು ಸೇರಿ. ಹೆತ್ತವರು ಬಂದಾಗ ನಾನು ಆರಿಸುವುದು ಇದನ್ನೇ, ಹಿಕೋನೆಯ ಮೆಟ್ಟಿಲು ಅವರ ಮಂಡಿಗೆ ಆಗದು. ಮಂಡಿ ಗಟ್ಟಿಯಿದ್ದು ಎರಡು ದಿನ ಬಿಡುವಿರುವವರು ಸಾದಾ ರೈಲಿನಲ್ಲೇ ಹೋಗಿ. ಟೋಕಿಯೋಗೆ ವಾಪಸ್ ಬರಬೇಕಾದರೆ ಆಗ ನೊಝೋಮಿ ಹಿಡಿಯಿರಿ, ಆ ಹೊತ್ತಿಗೆ ಕಾಲಿಗೂ ವಿಶ್ರಾಂತಿ ಬೇಕಾಗಿರುತ್ತದೆ. ಫ್ಯೂಜಿ ಆಗ ಎಡಗಡೆ ಬರುತ್ತದೆ, ಸೀಟು ಮಾತ್ರ ಅದೇ ಇ.