ಹಿಮದ ಟೈರ್: ಅರ್ಧ ಸವೆದ ಮೇಲೆ ಬರೆಯುತ್ತಿರುವ ವಿಮರ್ಶೆ

ಹಿಮದ ಟೈರ್‌ಗಳ ಬಗ್ಗೆ ಸಿಗುವ ಹೆಚ್ಚಿನ ವಿಮರ್ಶೆಗಳನ್ನು ಮೊದಲ ಚಳಿಗಾಲ ಮುಗಿಯುವ ಮೊದಲೇ ಬರೆದಿರುತ್ತಾರೆ. ಹೀಗಾಗಿ ಅವು ಬಹುಪಾಲು ಹೊಗಳಿಕೆಯೇ ಆಗಿರುತ್ತವೆ. ನನ್ನ ಕಾರಿನ ನಾಲ್ಕೂ ಟೈರ್‌ಗಳು ಹಲವು ಚಳಿಗಾಲ ಕಂಡು ಈಗ ಅರ್ಧ ಸವೆದಿವೆ. ಇವು ಲೋಹದ ಮೊಳೆಗಳಿಲ್ಲದ ಬಗೆಯವು. ಅಳತೆ, ವೇಗದ ದರ್ಜೆ ಮುಂತಾದವು ಟೈರಿನ ಮಗ್ಗುಲಲ್ಲೇ ಅಚ್ಚಾಗಿರುತ್ತವೆಯಾದ್ದರಿಂದ ಅವುಗಳ ಗೊಡವೆಗೆ ಹೋಗುವುದಿಲ್ಲ.

ಮೊದಲು ಸಂತೋಷದ ಮಾತು. ಸಾಮಾನ್ಯ ಟೈರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿಗಿಯಾಗುತ್ತಾ ಹೋಗುತ್ತದೆ. ಹಿಮದ ಟೈರಿನ ರಬ್ಬರನ್ನು ಆ ಚಳಿಯಲ್ಲೂ ಮೆತ್ತಗಿರುವಂತೆ ಬೆರೆಸಿರುತ್ತಾರೆ. ಟೈರಿನ ಮೇಲ್ಮೈಯಲ್ಲಿ ಎದ್ದು ನಿಂತಿರುವ ರಬ್ಬರ್ ತುಂಡನ್ನು ಬಟನ್ ಎನ್ನೋಣ; ಅಂಥ ಒಂದನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿ ನೋಡಿದರೆ ಕೂದಲೆಳೆಯಷ್ಟು ಸಣ್ಣ ಅಂಕುಡೊಂಕು ಸೀಳುಗಳು ಬಾಯಿ ತೆರೆಯುವುದು ಕಾಣುತ್ತದೆ. ರಸ್ತೆಯ ಮೇಲೆ ನಡೆಯುವುದೂ ಇದೇ: ಪ್ರತಿಯೊಂದು ಸೀಳೂ ಹಿಮವನ್ನು ಕಚ್ಚುವ ಹೊಸ ಅಂಚಾಗುತ್ತದೆ. ಗಾಡಿ ನಿಲ್ಲಿಸಿ ಇಳಿದಾಗ ಅಗಲವಾದ ತೋಡುಗಳ ತುಂಬಾ ಹಿಮ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಕೆರೆದು ತೆಗೆಯಬೇಕೆಂದು ಯಾರಿಗಾದರೂ ಅನ್ನಿಸೀತು, ಆದರೆ ಅದು ಅಲ್ಲಿರುವುದೇ ಒಳ್ಳೆಯದು. ಹಿಮಕ್ಕೆ ಹಿಮ ಅಂಟಿಕೊಳ್ಳುವಷ್ಟು ಚೆನ್ನಾಗಿ ಬರಿಯ ರಬ್ಬರ್ ಅಂಟಿಕೊಳ್ಳುವುದಿಲ್ಲ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಸಾಮಾನ್ಯ ಟೈರ್‌ಗಳೊಂದಿಗೆ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ಎಬಿಎಸ್ ಕಾಲಿನಡಿ ಗಡಗಡ ನಡುಗುತ್ತಿದ್ದ ಜಾಗದಲ್ಲಿ ಈ ಟೈರ್‌ಗಳೊಂದಿಗೆ ಪೆಡಲ್ ಸುಮ್ಮನಿರುತ್ತದೆ, ಗಾಡಿ ಅಂದುಕೊಂಡ ಕಡೆ ನಿಲ್ಲುತ್ತದೆ. ನುಣುಪಾದ ಮಂಜುಗಡ್ಡೆಯ ಮೇಲೆ ಮಾತ್ರ ಇಷ್ಟು ನೆಮ್ಮದಿಯನ್ನು ನಿರೀಕ್ಷಿಸಬಾರದು; ಅಲ್ಲಿ ನಿಧಾನವಾಗಿ ಹೋಗುವುದಕ್ಕೆ ಬದಲಿ ಇಲ್ಲ.

ಋತು ಬದಲಾದಾಗ ಟೈರ್ ಬದಲಿಸುವ ಕೆಲಸ ನನಗೆ ಹಿಡಿಸಿಬಿಟ್ಟಿದೆ. ಇವಕ್ಕೆ ಬೇರೆಯೇ ರಿಮ್‌ಗಳನ್ನು ಇಟ್ಟುಕೊಂಡಿರುವುದರಿಂದ ಜ್ಯಾಕ್ ಮತ್ತು ಸ್ಪ್ಯಾನರ್ ಇದ್ದರೆ ಸಾಕು. ಬಿಚ್ಚಿದ ಚಕ್ರದ ಒಳಮೈ ಮೇಲೆ ಅದು ಎಡ ಮುಂದಿನದೋ ಬಲ ಹಿಂದಿನದೋ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇನೆ. ಮೊಂಡು ಸ್ಕ್ರೂಡ್ರೈವರ್‌ನಿಂದ ತೋಡುಗಳಲ್ಲಿನ ಕಲ್ಲುಗಳನ್ನು ಒಂದೊಂದಾಗಿ ಎಬ್ಬಿಸಿ, ತೊಳೆದು, ಒರೆಸಿ, ಬಿಸಿಲು ತಾಗದ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸುತ್ತೇನೆ. ಹೊಸದಾಗಿ ಕೂರಿಸಿದ ಚಕ್ರಗಳ ನಟ್‌ಗಳನ್ನು 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು. ತಾಪಮಾನ ಐದಾರು ಡಿಗ್ರಿ ಇಳಿದರೆ ಗಾಳಿಯ ಒತ್ತಡ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಆದ್ದರಿಂದ ಚಳಿಗಾಲವಿಡೀ ಗಾಡಿ ಹೊರಡಿಸುವ ಮೊದಲೇ, ಟೈರ್ ತಣ್ಣಗಿರುವಾಗ, ಗಾಳಿ ಪರೀಕ್ಷಿಸುವ ಅಭ್ಯಾಸವಾಗಿದೆ.

ಹೀಗೆ ತೊಳೆದು ಒರೆಸುವಾಗಲೆಲ್ಲ ಟ್ರೆಡ್ಡಿನ, ಅಂದರೆ ರಸ್ತೆಗೆ ತಾಗುವ ಮೈಯ ತೋಡುಗಳ, ಆಳವನ್ನೂ ಅಳೆಯುತ್ತೇನೆ. ನನ್ನ ಅಸಮಾಧಾನ ಶುರುವಾದದ್ದು ಅಲ್ಲಿ. ಹೊಸ ಹಿಮದ ಟೈರಿನಲ್ಲಿ ಸಾಮಾನ್ಯವಾಗಿ 8ರಿಂದ 9 ಮಿ.ಮೀ. ಆಳವಿರುತ್ತದೆ. ನನ್ನವು ಈಗ 4 ಮಿ.ಮೀ. ಹತ್ತಿರಕ್ಕೆ ಬಂದಿವೆ. ಕಣ್ಣಿಗೆ ಇನ್ನೂ ಗಟ್ಟಿಮುಟ್ಟಾಗಿಯೇ ಕಾಣುತ್ತವೆ, ಅದೇ ಆಳದ ಸಾಮಾನ್ಯ ಟೈರ್ ಇನ್ನೂ ಬಹಳ ದೂರ ಓಡಬಲ್ಲದು. ಆದರೆ ಹಿಮ ಹಿಡಿದಿಟ್ಟುಕೊಳ್ಳಲು ತೋಡಿನಲ್ಲಿ ಜಾಗವೇ ಉಳಿದಿಲ್ಲ. ಸೀಳುಗಳೂ ಕೆಲವು ಕಡೆ ಅಳಿಸಿಹೋಗಿವೆ, ಏಕೆಂದರೆ ಅವೆಲ್ಲವೂ ಬಟನ್ನಿನ ಬುಡದವರೆಗೆ ಇಳಿದಿರುವುದಿಲ್ಲ. ಕೆಲವು ಟೈರ್‌ಗಳಲ್ಲಂತೂ ಹಿಮಕ್ಕಾಗಿಯೇ ಬೆರೆಸಿದ ಮೆತ್ತನೆಯ ರಬ್ಬರ್ ಮೇಲಿನ ಪದರದಲ್ಲಷ್ಟೇ ಇದ್ದು, ಅದು ಸವೆದ ಮೇಲೆ ಕೆಳಗೆ ಬೇರೆ ರಬ್ಬರ್ ಬರುತ್ತದೆ. ಹಿಂದೆ ಸಲೀಸಾಗಿ ಹತ್ತುತ್ತಿದ್ದ ಏರಿನಲ್ಲಿ ಈಗ ಚಕ್ರಗಳು ಒಮ್ಮೆ ಗಿರಕಿ ಹೊಡೆದೇ ಮುಂದೆ ಸಾಗುತ್ತವೆ.

ಇದು ಮಾರುವವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿರುವ ಗುರುತು ಹಿಮದ ಪರೀಕ್ಷೆಯಲ್ಲಿ ತೇರ್ಗಡೆಯಾದ ಟೈರಿಗೆ ಸಿಗುತ್ತದೆ, ಮತ್ತು ಟೈರ್ ಎಷ್ಟೇ ಸವೆದರೂ ಆ ಗುರುತು ಮಗ್ಗುಲಲ್ಲಿ ಹಾಗೆಯೇ ಉಳಿದಿರುತ್ತದೆ. ಕಾನೂನುಗಳಲ್ಲೂ ಏಕರೂಪವಿಲ್ಲ: ಆಸ್ಟ್ರಿಯಾದಲ್ಲಿ 4 ಮಿ.ಮೀ.ಗಿಂತ ಕಡಿಮೆಯಾದ ಟೈರನ್ನು ಚಳಿಗಾಲದ ಟೈರೆಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಸ್ವೀಡನ್ನಿನಲ್ಲಿ ಆ ಮಿತಿ 3 ಮಿ.ಮೀ., ಜರ್ಮನಿಯಲ್ಲಿ 1.6 ಮಿ.ಮೀ. ನನ್ನ ಅನುಭವಕ್ಕೆ ಆಸ್ಟ್ರಿಯಾದ ಲೆಕ್ಕವೇ ಸರಿ.

ಉಳಿದ ರಬ್ಬರನ್ನು ಬೇಸಿಗೆಯಲ್ಲಿ ಓಡಿಸಿ ಮುಗಿಸೋಣವೆಂದರೆ ಅದಕ್ಕೂ ಇದು ಒಗ್ಗುವುದಿಲ್ಲ. ಬಿಸಿಯಾದ ರಸ್ತೆಯಲ್ಲಿ ಬಟನ್‌ಗಳು ಓಲಾಡುವುದರಿಂದ ಸ್ಟೀರಿಂಗ್ ತಿರುಗಿಸಿದ ಎಷ್ಟೋ ಹೊತ್ತಿಗೆ ಗಾಡಿ ತಿರುಗಿದಂತೆ ಭಾಸವಾಗುತ್ತದೆ, ಬ್ರೇಕ್ ಒತ್ತಿದಾಗ ಹೆಚ್ಚು ದೂರ ಹೋಗಿ ನಿಲ್ಲುತ್ತದೆ, ರಬ್ಬರ್ ಬೇಗ ಬೇಗ ಸವೆಯುತ್ತದೆ. ಬೇಸಿಗೆಗೊಂದು, ಚಳಿಗಾಲಕ್ಕೊಂದು ಎಂದು ನಾಲ್ಕು ನಾಲ್ಕರ ಎರಡು ಸೆಟ್ ಟೈರ್ ಇದ್ದರೆ ಸರದಿಯ ಮೇಲೆ ಓಡಿ ಎರಡೂ ಹೆಚ್ಚು ಬಾಳುತ್ತವೆ ಎಂಬ ವಾದ ನಿಜವೇ. ಆದರೆ ಒಂದು ಸೆಟ್ಟನ್ನು ಅರ್ಧಕ್ಕೇ ಎಸೆಯಬೇಕಾದಾಗ ಆ ಉಳಿತಾಯದ ಬಹುಭಾಗ ಅಲ್ಲಿಗೇ ಹೋಗುತ್ತದೆ, ನನ್ನಂಥ ಕೈಬಿಗಿಯವನಿಗೆ ಅದು ಚುಚ್ಚುತ್ತದೆ.

ಆದರೂ ಹಿಮ ತಿಂಗಳುಗಟ್ಟಲೆ ರಸ್ತೆಯ ಮೇಲೇ ಕೂರುವ ಕಡೆ ಓಡಾಡುವವರಿಗೆ ಇವನ್ನು ಬೇಡವೆನ್ನಲಾರೆ. ಕೊಂಡರೆ ನಾಲ್ಕನ್ನೂ ಒಟ್ಟಿಗೆ ಕೊಳ್ಳಬೇಕು. ಎರಡಷ್ಟೇ ಹಾಕಿದರೆ ಗಾಡಿಯ ಒಂದು ತುದಿ ಹಿಡಿತದಲ್ಲಿದ್ದು ಇನ್ನೊಂದು ತುದಿ ಜಾರುತ್ತದೆ. ಮುಂದಿನ ಸಲ ನಾನು ಅಂಗಡಿಯಲ್ಲಿ ಮೊದಲು ಕೇಳುವುದು ಎರಡು ಪ್ರಶ್ನೆ: ಮೆತ್ತನೆಯ ರಬ್ಬರ್ ಎಷ್ಟು ಆಳದವರೆಗಿದೆ, ಮತ್ತು 4 ಮಿ.ಮೀ. ತಲುಪಿದ್ದನ್ನು ತೋರಿಸುವ ಉಬ್ಬುಗಳು ತೋಡಿನಲ್ಲಿವೆಯೇ.